ಚಿಗಟ ಜಾತಿ ಕೇಳಿ ಕಚ್ಚೋದಿಲ್ಲ



ನಮ್ಮ ಬಾಗಲವಾಡದಾಗ ಜ್ವರ ವಾರಗಟ್ಟಲೆ ಇಳೀಲಿಲ್ಲ ಅಂದ್ರ ಕೇಳೋ ಮಾತು ಎರಡೇ: ‘ವೈರಲ್’, ಇಲ್ಲಾ ‘ಟೈಫಾಯ್ಡ್’. ಹೋದ ಮಳೆಗಾಲದಾಗ ಕೇರಿಯ ಒಬ್ಬ ಅವ್ವನ್ನ ನಾನೇ ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಮನ್ಯಾಗ ಬೆಕ್ಕು, ನಾಯಿ, ಆಡು ಅದಾವೇನು, ಚಿಗಟ ಕಚ್ಯಾವೇನು ಅಂತ ಒಬ್ಬರೂ ಕೇಳಲಿಲ್ಲ. “ನಿಮ್ಮ ಓಣಿ ಸ್ವಚ್ಛ ಇಟ್ಕೊಳ್ರಿ” ಅಂದು ಕಳಿಸಿದ್ರು.

ಬೆಕ್ಕಿನ ಚಿಗಟ ಬೆಕ್ಕಿಗಷ್ಟೇ ಅಂಟಿಕೊಂಡಿರೋದಿಲ್ಲ. ನಾಯಿ, ಆಡು, ಮನುಷ್ಯ ಎಲ್ಲರನ್ನೂ ಕಚ್ಚುತ್ತದೆ. ರಿಕೆಟ್ಸಿಯಾ, ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳನ್ನು ಹೊರುತ್ತದೆ. ಅದರ ಹಿಕ್ಕೆಯನ್ನು ನಾವು ತುರಿಸಿಕೊಂಡಾಗ ಗಾಯದೊಳಗೆ ಇಳಿಯುವ ರೋಗಾಣುಗಳೂ ಇವೆ. ಜ್ವರ, ತಲೆನೋವು, ಮೈಕೈ ನೋವು, ಮೈಮೇಲೆ ಕೆಂಪು ಗುಳ್ಳೆ ಅಂತ ಪುಸ್ತಕ ಹೇಳುತ್ತದೆ. ಆದರೆ ನಮ್ಮ ಕಪ್ಪು ಚರ್ಮದ ಮೇಲೆ ಆ ಕೆಂಪು ಸುಲಭಕ್ಕೆ ಕಾಣೋದಿಲ್ಲ! ಕಾಣಲಿಲ್ಲ ಅಂದಮಾತ್ರಕ್ಕೆ ರೋಗ ಇಲ್ಲ ಅಂತಲ್ಲ.

ಟೈಫಾಯ್ಡ್ ಬೇರೆ, ಟೈಫಸ್ ಬೇರೆ. ಟೈಫಾಯ್ಡಿಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ರಿಕೆಟ್ಸಿಯಾ ಮೇಲೆ ಕೆಲಸ ಮಾಡೋದಿಲ್ಲ. ಇದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್, ಅಗ್ಗದ ಗುಳಿಗೆ. (ತಾವೇ ಅಂಗಡಿಯಿಂದ ತಂದು ನುಂಗಬ್ಯಾಡ್ರಿ, ಡಾಕ್ಟರನ್ನ ಕೇಳ್ರಿ.) ಬಾಗಲವಾಡದ ಜ್ವರ ಚಿಗಟದ್ದೇ ಅಂತ ನಾನು ಹೇಳ್ತಿಲ್ಲ. ಪರೀಕ್ಷೆ ಮಾಡದೆ ಅಲ್ಲ ಅಂತ ಹೇಳೋಕೂ ಬರೋದಿಲ್ಲ ಅಂತೀನಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ಪ್ಲೇಗ್ ಹರಡೋದು ಇಲಿಯ ಚಿಗಟದಿಂದ ಅಂತ ತೋರಿಸಿಕೊಟ್ಟ. ಬಹಳ ವರ್ಷ ಯಾರೂ ನಂಬಲಿಲ್ಲ. ಬಡವರ ಮನೆ, ಬಡವರ ಕೊಳೆ ಅಂತ ದೂರೋದು ಅವತ್ತೂ ಸುಲಭ ಇತ್ತು, ಇವತ್ತೂ ಸುಲಭ.

ಇನ್ನೊಂದು ಮಾತು. ಕಣ್ಣಿಗೆ ಒಂದೇ ಥರ ಕಾಣೋ ಚಿಗಟಗಳು ಜೀನ್ ಓದಿದರೆ ಬೇರೆ ಬೇರೆ. ನಮ್ಮ ದೇಶದ ನಾಯಿಗಳ ಮೇಲೆ ಹೆಚ್ಚು ಸಿಗೋದು ಬೆಕ್ಕಿನ ಚಿಗಟದ ದಾಯಾದಿ, ಓರಿಯೆಂಟಿಸ್. ಯಾವ ಚಿಗಟ ಯಾವ ರೋಗಾಣು ಹೊತ್ತದ ಅಂತ ಊರೂರಿಗೆ ಹೋಗಿ ಹಿಡಿದು ನೋಡಬೇಕು. ಹಂಗಾಗಿ ನಮ್ಮ ಬೇಡಿಕೆ:

1. ಐದು ದಿನ ದಾಟಿದ ಜ್ವರಕ್ಕೆ ರಿಕೆಟ್ಸಿಯಾ ಪರೀಕ್ಷೆಯೂ ಆಗಲಿ.
2. ಪಶು ಇಲಾಖೆ ಕೇರಿಗೆ ಬಂದು ನಾಯಿ, ಬೆಕ್ಕು, ಆಡುಗಳಿಗೆ ಚಿಗಟದ ಔಷಧಿ ಹಾಕಲಿ.
3. ಚಿಗಟದ ಮಾದರಿ ಕೇರಿಯಿಂದಷ್ಟೇ ಅಲ್ಲ, ಗೌಡರ ಓಣಿಯಿಂದಲೂ ತಗೊಳ್ಳಲಿ.

ಓದಬೇಕಾದದ್ದು ಚಿಗಟದ ವಂಶಾವಳಿ, ನಮ್ಮದಲ್ಲ.

ಜೈ ಭೀಮ್.