ನಕ್ಷೆಗೆ ಮೊಹರು ಬೀಳುವ ಮುನ್ನ ಊರನ್ನು ಕೇಳಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಿಕ್ಕಬಳ್ಳಾಪುರ ಜಿಲ್ಲೆ

ಮಾನ್ಯರೇ,

2021ರ ನವೆಂಬರ್‌ನಲ್ಲಿ ಈ ಜಿಲ್ಲೆಯ ಕೆರೆಗಳು ಒಂದರ ಹಿಂದೆ ಒಂದರಂತೆ ಕೋಡಿ ಹರಿದವು. ವರ್ಷಗಟ್ಟಲೆ ತುಂಬದಿದ್ದ ಕೆರೆಗಳಿಗೆ ಜನ ಸಂಭ್ರಮದಿಂದ ಬಾಗಿನ ಅರ್ಪಿಸಿದರು. ಅದೇ ಮಳೆಗೆ ಪಟ್ಟಣದ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು, ಕಟಾವಿಗೆ ಬಂದ ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲವೂ ತಲೆಕೆಳಗಾಯಿತು. 2023ರಲ್ಲಿ ಸರ್ಕಾರ ಬರಪೀಡಿತವೆಂದು ಸಾರಿದ ತಾಲ್ಲೂಕುಗಳ ಸಂಖ್ಯೆ 223ಕ್ಕೆ ಏರಿತು; ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಹವಾಮಾನ ಬದಲಾವಣೆ ನಮ್ಮ ಸೀಮೆಗೆ ಬಂದಿರುವುದು ಈ ರೂಪದಲ್ಲಿ: ಬಂದರೆ ತಡೆಯಲಾಗದಷ್ಟು ಮಳೆ, ಬಾರದಿದ್ದರೆ ಸಾವಿರ ಅಡಿ ಕೊರೆದರೂ ಬರಿಗೈ.

ಇದನ್ನು ಎದುರಿಸಲು ಯೋಜನೆಗಳಿಲ್ಲ ಎಂದು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಯೋಜನೆಗಳು ಬೇಕಾದಷ್ಟಿವೆ. ಅವು ರೂಪುಗೊಳ್ಳುವಾಗ ಊರಿನವರನ್ನು ಯಾರೂ ಕೇಳುವುದಿಲ್ಲ. ಎಲ್ಲ ತೀರ್ಮಾನವಾದ ಮೇಲೆ ಗುದ್ದಲಿ ಪೂಜೆಗೆ ಕರೆಯುತ್ತಾರೆ. ನನ್ನ ತಕರಾರು ಇಷ್ಟೇ.

ಹೆಬ್ಬಾಳ-ನಾಗವಾರ ವ್ಯಾಲಿ ಯೋಜನೆಯನ್ನೇ ತೆಗೆದುಕೊಳ್ಳಿ. ದಿನಕ್ಕೆ 21 ಕೋಟಿ ಲೀಟರ್‌ನಷ್ಟು ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಮೂರು ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸುವ ಯೋಜನೆ ಇದು. ಅವುಗಳಲ್ಲಿ ಹೆಚ್ಚಿನವು ನಮ್ಮ ಜಿಲ್ಲೆಯವು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರಿದ್ದಾರೆ, ಅವರ ಸಂತೋಷ ಸುಳ್ಳಲ್ಲ. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಇಲ್ಲಿನ ಶಾಶ್ವತ ನೀರಾವರಿ ಹೋರಾಟ ಸಮಿತಿ ವರ್ಷಗಳಿಂದ ಕೇಳುತ್ತಿದೆ, ಆ ಆತಂಕವೂ ಸುಳ್ಳಲ್ಲ. 2018ರ ಜುಲೈನಲ್ಲಿ, ಇಂಥದೇ ಇನ್ನೊಂದು ಯೋಜನೆಯಾದ ಕೆ.ಸಿ. ವ್ಯಾಲಿಯ ನೀರು ಹರಿದ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಮುಂದೆ ವಿಷಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿತು. ಕೆರೆ ಏರಿಯ ಮೇಲೆ ಕೂತು ಬಗೆಹರಿಸಬಹುದಾಗಿದ್ದ ಪ್ರಶ್ನೆಗೆ ದೆಹಲಿಯವರೆಗೆ ಹೋಗಬೇಕಾಯಿತು.

ಘಟ್ಟದ ನೀರನ್ನು ನಮ್ಮ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಕಥೆ ಇನ್ನೂ ಉದ್ದ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಬಳಿ ಮೊದಲ ಹಂತ ಉದ್ಘಾಟನೆಯಾಯಿತು. 24 ಟಿಎಂಸಿ ನೀರು ಎಂಬುದು ಕಾಗದದ ಲೆಕ್ಕ. ಅಷ್ಟು ನೀರು ಅಲ್ಲಿದೆಯೇ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ನೇತ್ರಾವತಿಯ ಸಿಹಿನೀರು ಕಡಿಮೆಯಾದರೆ ಅಳಿವೆಯ ಉಪ್ಪು ಒಳಗೆ ಬರುತ್ತದೆ, ಮೀನಿನ ಗತಿ ಏನು ಎಂದು ಮಂಗಳೂರಿನ ಕಡೆಯವರು ಕೇಳುತ್ತಾರೆ. ನಮ್ಮ ಬಾಯಾರಿಕೆಗೂ ಕರಾವಳಿಯ ಬಲೆಗೂ ಸಂಬಂಧ ಬೆಸೆದದ್ದು ಸರ್ಕಾರ. ಆದರೆ ಎರಡೂ ಕಡೆಯ ಜನರನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಲೆಕ್ಕ ಒಪ್ಪಿಸುವ ಕೆಲಸ ಮಾತ್ರ ಆಗಲಿಲ್ಲ.

ಕರಾವಳಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಲ್ಲಿ ಸಮುದ್ರದ ದಂಡೆಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ. ಅದರ ಪ್ರಕಾರ ಕರಾವಳಿ ನಿರ್ವಹಣಾ ಯೋಜನೆಯ ಕರಡು ನಕ್ಷೆಯನ್ನು ಪ್ರಕಟಿಸಿ, ಆಕ್ಷೇಪಣೆ ಕರೆದು, ಜಿಲ್ಲಾ ಮಟ್ಟದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಆ ಸಭೆಗಳಲ್ಲಿ ಕೊರತೆಗಳಿರಬಹುದು. ಆದರೂ ತನ್ನ ಮನೆ, ತನ್ನ ದೋಣಿ ಕಟ್ಟುವ ಜಾಗ ಯಾವ ಗೆರೆಯೊಳಗೆ ಬೀಳುತ್ತದೆ ಎಂದು ನೋಡಿ ಮಾತಾಡುವ ಹಕ್ಕು ಮೀನುಗಾರನಿಗೆ ಉಂಟು. ನಮ್ಮ ಕೆರೆಯ ದಂಡೆಗೆ, ರಾಜಕಾಲುವೆಯ ಅಂಚಿಗೆ ಅಂಥ ಸಭೆ ಎಲ್ಲಿದೆ? ಕಾಲುವೆ ಮುಚ್ಚಿ ನಿವೇಶನ ಬಿದ್ದದ್ದು ಊರಿಗೆ ತಿಳಿಯುವುದು ಜೋರು ಮಳೆಯ ರಾತ್ರಿ.

ಕಾನೂನಿಲ್ಲ ಎನ್ನುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ತಯಾರಿಸಬೇಕು, ಪ್ರತಿ ವರ್ಷ ಪರಿಷ್ಕರಿಸಬೇಕು ಎಂದು ಅದರ 31ನೇ ಕಲಂ ಹೇಳುತ್ತದೆ. ಸಮಾಲೋಚನೆ ಎಂದರೆ ಪಂಚಾಯಿತಿ ಅಧ್ಯಕ್ಷರ ಸಹಿ ಪಡೆಯುವುದಷ್ಟೇ ಅಲ್ಲ, ಗ್ರಾಮಸಭೆಯಲ್ಲಿ ಓದಿ ಚರ್ಚಿಸುವುದು ಎಂದು ತಾವು ಅರ್ಥ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆ ಕಣ್ಣೆದುರಿಗಿದೆ. ಆ ಕೆರೆಯ ನೀರನ್ನು ಗೌರಿಬಿದನೂರು ನಗರಕ್ಕೆ ಒಯ್ಯುವ ಯೋಜನೆಯನ್ನು ಅಚ್ಚುಕಟ್ಟಿನ ರೈತರು ವಿರೋಧಿಸಿದರು. ನಗರದ ಜನರೂ ನಮ್ಮವರೇ, ಅವರಿಗೂ ಕುಡಿಯುವ ನೀರು ಬೇಕು. ಆದರೆ ಕೆರೆ ಅರ್ಧ ತುಂಬಿದ ವರ್ಷ ಎಷ್ಟು ನೀರು ನಗರಕ್ಕೆ, ಎಷ್ಟು ಗದ್ದೆಗೆ, ಎಷ್ಟು ದನಕರುಗಳಿಗೆ ಎಂಬುದನ್ನು ಪೈಪು ಹಾಕುವ ಮುನ್ನ ಬರೆದಿಡಬೇಕು, ಪೊಲೀಸರನ್ನು ನಿಲ್ಲಿಸಿ ಅಳೆಯುವುದಲ್ಲ.

ಈ ಲೆಕ್ಕ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಪ್ರತಿ ಕೆರೆಗೂ ನೀರಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಮೊದಲ ಸರದಿ, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗ ಮಾತ್ರ ನಾಟಿ ಮಾಡಬೇಕು ಎಂಬುದನ್ನು ಊರವರು ಕೂತು ತೀರ್ಮಾನಿಸುತ್ತಿದ್ದರು, ಆತ ನಡೆಸುತ್ತಿದ್ದ. ಆ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳಿತ್ತು. ಕೆಲಸ ಮಾಡುವವನು ಒಬ್ಬ, ಮಾತು ನಡೆಯುವುದು ಇನ್ನೊಬ್ಬನದು. ಅದನ್ನು ಹಾಗೆಯೇ ಮರಳಿ ತನ್ನಿ ಎಂದು ಯಾರೂ ಕೇಳಲಾರರು. ಕೊರತೆಯನ್ನು ಎಲ್ಲರೂ ಹಂಚಿಕೊಳ್ಳುವ ಆ ಕ್ರಮ ಮಾತ್ರ ಇಂದಿಗೂ ಬೇಕು. ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬನೂ ತನ್ನ ಪಾಡಿಗೆ ಕೊರೆದ, ಜಿಲ್ಲೆಯ ಅಂತರ್ಜಲ ಮಿತಿಮೀರಿ ಬಳಕೆಯಾದ ಪಟ್ಟಿಗೆ ಸೇರಿತು.

ಜನರನ್ನು ಸೇರಿಸಿಕೊಳ್ಳುವ ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. 2002ರಿಂದ ವಿಶ್ವಬ್ಯಾಂಕ್ ನೆರವಿನಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಯೋಜನೆಯ ಹಣ ನಿಂತ ಮೇಲೆ ಎಷ್ಟೋ ಸಂಘಗಳು ನಾಮಫಲಕದಲ್ಲಷ್ಟೇ ಉಳಿದವು. 2020ರಲ್ಲಿ ಜಾರಿಗೆ ಬಂದ ಅಟಲ್ ಭೂಜಲ ಯೋಜನೆ ನಮ್ಮ ಜಿಲ್ಲೆಯ ಪಂಚಾಯಿತಿಗಳಲ್ಲೂ ಜಲ ಬಜೆಟ್ ಮಾಡಿಸಿತು. ಆ ಬಜೆಟ್ ನೋಡಿ ಒಂದು ಊರಾದರೂ ಬೆಳೆ ಬದಲಿಸಿತೇ, ಹೊಸ ಬೋರ್‌ವೆಲ್ ನಿಲ್ಲಿಸಿತೇ ಎಂದು ತಾವು ಕೇಳಿನೋಡಬೇಕು. ಅಧಿಕಾರವಿಲ್ಲದ ಸಭೆಗೆ ಜನ ಎರಡನೇ ಸಲ ಬರುವುದಿಲ್ಲ.

ಭಾಷೆಯ ತೊಡಕೂ ಇದೆ. ತಜ್ಞರ ವರದಿ ಇಂಗ್ಲಿಷಿನಲ್ಲಿ, ಸಭೆಯ ನಡಾವಳಿ ಕನ್ನಡದಲ್ಲಿ, ಚಿಂತಾಮಣಿಯ ಎಷ್ಟೋ ಹಳ್ಳಿಗಳ ಜಗಲಿಯ ಮಾತು ತೆಲುಗಿನಲ್ಲಿ. ಶಿಡ್ಲಘಟ್ಟದ ರೇಷ್ಮೆ ಹುಳು ಮನೆಯಲ್ಲಿ ಬೇಸಿಗೆಯ ಧಗೆಗೆ ಗೋಣಿಚೀಲ ನೆನೆಸಿ ಕಟ್ಟುವ ಹೆಣ್ಣುಮಗಳಿಗೆ ಹವಾಮಾನದ ಬಗ್ಗೆ ಗೊತ್ತಿರುವುದು ಯಾವ ವರದಿಯಲ್ಲೂ ಇಲ್ಲ. ಹುಳುವಿಗೆ 24ರಿಂದ 28 ಡಿಗ್ರಿಯೊಳಗಿನ ತಂಪು ಬೇಕು. ಅದು ದಾಟಿದ ದಿನ ಗೂಡು ಹಗುರಾಗುತ್ತದೆ, ಮಾರುಕಟ್ಟೆಯ ಹರಾಜಿನಲ್ಲಿ ಅವಳ ಮನೆಯ ಲೆಕ್ಕ ತಪ್ಪುತ್ತದೆ. ಆಲಿಕಲ್ಲು ಬಿದ್ದ ದ್ರಾಕ್ಷಿ ತೋಟದವನದೂ ಇಂಥದೇ ಪಾಡು. ಯೋಜನೆ ಇವರಿಂದ ಆರಂಭವಾಗಬೇಕು.

ಹೀಗಾಗಿ ತಮ್ಮಲ್ಲಿ ನಾಲ್ಕು ಬೇಡಿಕೆಗಳು.

ಒಂದು, ಜಿಲ್ಲಾ ವಿಪತ್ತು ಯೋಜನೆಯ ಕರಡನ್ನು ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಕಳುಹಿಸಿ. ಗ್ರಾಮಸಭೆಯ ನಡಾವಳಿ ಬಂದ ಮೇಲೆಯೇ ಅಂತಿಮಗೊಳಿಸಿ. ಯಾವ ಸಲಹೆಯನ್ನು ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂಬುದನ್ನೂ ತಿಳಿಸಿ.

ಎರಡು, ಜಿಲ್ಲೆಯ ಎಲ್ಲ ತಾಲ್ಲೂಕುಗಳ ಕೆರೆ, ಕೋಡಿ, ರಾಜಕಾಲುವೆಗಳ ಸರ್ವೆ ನಕ್ಷೆಯನ್ನು ಪಂಚಾಯಿತಿ ಮತ್ತು ನಗರಸಭೆಗಳ ಗೋಡೆಯ ಮೇಲೆ ಹಾಕಿಸಿ, ಆಕ್ಷೇಪಣೆಗೆ ಸಮಯ ಕೊಡಿ. ಒತ್ತುವರಿ ಮೊದಲು ಕಾಣುವುದು ಪಕ್ಕದ ಹೊಲದವನಿಗೆ.

ಮೂರು, ಸಂಸ್ಕರಿತ ನೀರು ಬರುವ ಪ್ರತಿ ಕೆರೆಯ ಏರಿಯ ಮೇಲೆ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಬರೆಸಿ. ಮಾದರಿ ತೆಗೆಯುವಾಗ ಊರಿನ ಇಬ್ಬರಾದರೂ ಜೊತೆಗಿರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ.

ನಾಲ್ಕು, ಒಂದು ಕೆರೆಯ ನೀರನ್ನು ಇನ್ನೊಂದು ಊರಿಗೆ ಒಯ್ಯುವ ಮುನ್ನ ಎರಡೂ ಊರಿನವರನ್ನು ಕೂರಿಸಿ ಹಂಚಿಕೆಯ ಕರಾರು ಬರೆಸಿ. ಬರದ ವರ್ಷದ ಪಾಲು ಅದರಲ್ಲಿ ಬೇರೆಯಾಗಿಯೇ ನಮೂದಾಗಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ, ಸಾವಿರಾರು ಕೋಟಿಯ ಅನುದಾನವೂ ಬೇಕಿಲ್ಲ. ತಮ್ಮದೊಂದು ಸುತ್ತೋಲೆ ಸಾಕು. ಮುಂದಿನ ಮುಂಗಾರಿಗೆ ಮೊದಲು ಅದನ್ನು ಹೊರಡಿಸಿ, ಮೊದಲ ಗ್ರಾಮಸಭೆಗೆ ತಾವೇ ಬನ್ನಿ ಎಂದು ಕೋರುತ್ತೇನೆ.

ಇತಿ,
ಈ ಜಿಲ್ಲೆಯ ಒಬ್ಬ ನಾಗರಿಕ