ಮೌಸ್ ಬೇಡದ ಪರದೆ

ರೈಲ್ವೆ ಟಿಕೆಟ್ ಕೌಂಟರಿನ ಸರತಿಯಲ್ಲಿ ನಿಂತಾಗ ಒಳಗೆ ಕುಳಿತವರ ಕೈಗಳನ್ನು ನೀವು ನೋಡಿರಬಹುದು. ಬೆರಳುಗಳು ಕೀಲಿಮಣೆಯ ಮೇಲೆಯೇ ಓಡಾಡುತ್ತವೆ. ಮೌಸ್ ಮುಟ್ಟುವುದು ಅಪರೂಪ. ದಿನಕ್ಕೆ ನೂರಾರು ಸಲ ಒಂದೇ ಕೆಲಸ ಮಾಡುವವರಿಗೆ ಅದೇ ಬೇಗ, ಅದೇ ಹಗುರ.

ಬರೀ ಅಕ್ಷರಗಳಿಂದಾದ ಪರದೆಗೆ ಟರ್ಮಿನಲ್ ಎನ್ನುತ್ತಾರೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಕಪ್ಪು ಹಿನ್ನೆಲೆ, ಮಿನುಗುವ ಕರ್ಸರ್, ಬೇರೇನೂ ಇಲ್ಲ. ಮೊದಲ ಸಲ ನೋಡಿದವರಿಗೆ ಕಂಪ್ಯೂಟರ್ ಕೆಟ್ಟುಹೋಯಿತೇನೋ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದೇ ಪರದೆಯಲ್ಲಿ ಬಣ್ಣದ ಪಟ್ಟಿ, ಚೌಕಟ್ಟು, ಮೆನು ಎಲ್ಲವನ್ನೂ ಮೂಡಿಸಬಹುದು. ಅದಕ್ಕೆ ಹೊಸ ಕಂಪ್ಯೂಟರೇ ಬೇಕೆಂದಿಲ್ಲ.

ಇದರ ಗುಟ್ಟು ಹಳೆಯದು. 1978ರಲ್ಲಿ ಅಮೆರಿಕದ ಡಿಇಸಿ ಕಂಪನಿ ವಿಟಿ100 ಎಂಬ ಟರ್ಮಿನಲ್ ತಂದಿತು. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಅಕ್ಷರಗಳ ಜೊತೆ ಕೆಲವು ಸಂಕೇತಗಳನ್ನು ಕಳುಹಿಸಿದರೆ ಕರ್ಸರ್ ಹೇಳಿದ ಜಾಗಕ್ಕೆ ಹೋಗುತ್ತಿತ್ತು. ಬಣ್ಣ ಆಮೇಲೆ ಬಂತು. ಇಂದಿಗೂ ಎಸ್ಕೇಪ್ ಸಂಕೇತ, ಒಂದು ಚೌಕ ಆವರಣ, 31, ಎಮ್ ಅಕ್ಷರ ಇಷ್ಟನ್ನು ಕಳುಹಿಸಿದರೆ ಮುಂದಿನ ಬರಹ ಕೆಂಪಾಗುತ್ತದೆ.

ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಎನ್‌ಕರ್ಸಸ್ ಎಂಬ ಹಳೆಯ ತಂತ್ರಾಂಶ ಈ ಹೊರೆಯನ್ನು ಹೊರುತ್ತದೆ. ಪೈಥಾನ್ ಕಲಿತವರಿಗೆ ಟೆಕ್ಸ್ಚುವಲ್ ಇದೆ, ಗೋ ಭಾಷೆಯವರಿಗೆ ಬಬಲ್ ಟೀ. ಎಲ್ಲವೂ ಮುಕ್ತ, ಹಣ ಕೊಡಬೇಕಿಲ್ಲ, ಒಳಗಿನ ಬರಹವನ್ನೂ ತೆರೆದು ಓದಬಹುದು. ಟೆಕ್ಸ್ಚುವಲ್ ಮಾಡಿದ ಕಂಪನಿ 2025ರಲ್ಲಿ ಬಾಗಿಲು ಮುಚ್ಚಿತು. ಆದರೆ ತಂತ್ರಾಂಶ ಉಳಿಯಿತು. ಬೀಗ ಹಾಕಿದ ಸರಕಾಗಿದ್ದರೆ ಅಂಗಡಿಯ ಜೊತೆ ಅದೂ ಹೋಗುತ್ತಿತ್ತು.

ಇದೇ ಹುಮ್ಮಸ್ಸಿನಲ್ಲಿ ನಾನು ಅಣ್ಣನ ಕಿರಾಣಿ ಅಂಗಡಿಗೆ ಉದ್ರಿ ಲೆಕ್ಕದ ಆಪ್ ಒಂದನ್ನು ಬರೆದುಕೊಟ್ಟೆ. ನೀಲಿ ಚೌಕಟ್ಟು, ಹಳದಿ ಅಂಕಿಗಳು, ನೋಡಲು ಚೆಂದವಿತ್ತು. ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಭಾಬಿ ಇರುತ್ತಾರೆ. ಲೆಕ್ಕ ಬರೆದು ಮುಗಿಸಿದ ಅವರಿಗೆ ಹೊರಬರುವುದು ಹೇಗೆಂದು ತಿಳಿಯಲಿಲ್ಲ. ಸಿಕ್ಕಿದ ಕೀಲಿಗಳನ್ನೆಲ್ಲ ಒತ್ತಿ ನೋಡಿ, ಕೊನೆಗೆ ಸ್ವಿಚ್ಚನ್ನೇ ಆರಿಸಿದರು. ಹೊರಬರುವಾಗ ಮಾತ್ರ ಲೆಕ್ಕವನ್ನು ಉಳಿಸುವಂತೆ ನಾನು ಬರೆದಿದ್ದೆ! ಅಂದಿನ ಉದ್ರಿಯೆಲ್ಲ ಮಾಯ. ಭಾಬಿ ನೆನಪಿನಿಂದ ಮತ್ತೆ ಬರೆಸಿದರು. ಎರಡು ಮನೆಯ ಲೆಕ್ಕ ಇಂದಿಗೂ ಗೊತ್ತಾಗಿಲ್ಲ. "ಬಣ್ಣ ಯಾರು ಕೇಳಿದ್ದರು ನಿನ್ನನ್ನು?" ಎಂದ ಅಣ್ಣ.

ತಪ್ಪು ಭಾಬಿಯದಲ್ಲ. 1976ರಲ್ಲಿ ಬಿಲ್ ಜಾಯ್ ಬರೆಯತೊಡಗಿದ ವಿಐ ಎಂಬ ಪ್ರಸಿದ್ಧ ಎಡಿಟರಿನಿಂದ ಹೊರಬರಲಾಗದೆ ಎಂಜಿನಿಯರುಗಳೇ ಒದ್ದಾಡಿದ್ದಾರೆ. ನ್ಯಾನೊ ಎಂಬ ಇನ್ನೊಂದು ಎಡಿಟರನ್ನು ನೋಡಿ: ಕೆಳಗಿನ ಎರಡು ಸಾಲುಗಳಲ್ಲಿ ಯಾವ ಕೀಲಿಗೆ ಯಾವ ಕೆಲಸ ಎಂದು ಸದಾ ಬರೆದಿರುತ್ತದೆ. ನಾನೂ ಹಾಗೆಯೇ ಮಾಡಿದೆ. ಒಂದೊಂದು ಲೆಕ್ಕವೂ ಎಂಟರ್ ಒತ್ತಿದೊಡನೆ ಫೈಲಿಗೆ ಹೋಗುವಂತೆ ತಿದ್ದಿದೆ. ನೀವು ಇಂಥದ್ದೇನಾದರೂ ಮಾಡುವುದಾದರೆ ಮೊದಲು ಈ ಎರಡು ಕೆಲಸ ಮಾಡಿ, ಚೌಕಟ್ಟು ಆಮೇಲೆ ಬಿಡಿಸಿ. ಬಣ್ಣವೊಂದನ್ನೇ ನಂಬಬೇಡಿ, ಕೆಂಪು-ಹಸಿರಿನ ಭೇದ ಕಾಣದವರಿದ್ದಾರೆ, 'ಬಾಕಿ' ಎಂದು ಬರೆದೇ ತೋರಿಸಿ. ಇನ್ನು ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಇಂಥ ಚೌಕಟ್ಟುಗಳ ನಡುವೆ ತಡವರಿಸುತ್ತವೆ. ಅವರಿಗೆ ಚೌಕಟ್ಟಿಲ್ಲದ ಸರಳ ಸಾಲುಗಳೇ ಅನುಕೂಲ.

ಭಾಬಿ ಈಗ ಮೌಸ್ ಮುಟ್ಟುವುದಿಲ್ಲ. ಆದರೆ ಗಿರಾಕಿಗಳ ಹೆಸರನ್ನು ಕನ್ನಡದಲ್ಲಿ ಬರೆಯಬೇಕು ಎನ್ನುತ್ತಾರೆ. ಅದು ನನ್ನಿಂದಾಗಿಲ್ಲ. ಟರ್ಮಿನಲ್ ಎಂದರೆ ಸಮಾನ ಅಗಲದ ಮನೆಗಳ ಹಾಳೆ. ನಮ್ಮ ಒತ್ತಕ್ಷರ, ಗುಣಿತಗಳು ಅದರಲ್ಲಿ ಹಿಡಿಸದೆ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ. 'ಅಬ್ದುಲ್ಲ' ಎಂದು ಬರೆದರೆ ಒತ್ತುಗಳು ಎಲ್ಲೆಲ್ಲೋ ಕೂರುತ್ತವೆ. ಮುಕ್ತ ಟರ್ಮಿನಲ್‌ಗಳ ಒಳಬರಹ ಎಲ್ಲರಿಗೂ ತೆರೆದೇ ಇದೆ. ನಿಮ್ಮ ಮನೆಯಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಮಕ್ಕಳಿದ್ದರೆ ಈ ಕೆಲಸವನ್ನೊಮ್ಮೆ ಅವರಿಗೆ ತೋರಿಸಿ. ಅಲ್ಲಿಯವರೆಗೆ ಭಾಬಿಯ ಉದ್ರಿ ಪುಸ್ತಕದಲ್ಲಿ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿಯೇ ಇವೆ.