ಅಹಿಂಸಾಣುವ್ರತವೂ ಮನೆಯ ಮಕ್ಕಳೂ

ಸಲಿಂಗಾನುರಾಗವು ಪರದೇಶದಿಂದ ಬಂದ ವ್ಯಾಧಿಯೆಂದೂ ನ್ಯಾಯಾಲಯವೇ ಅದಕ್ಕೆ ಬಾಗಿಲು ತೆರೆಯಿತೆಂದೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳಲ್ಲಿ ಆಡುವ ಶ್ರಾವಕರುಂಟು. ಅವರು ಶಾಸ್ತ್ರವನ್ನು ತೆರೆದು ನೋಡಿದವರಲ್ಲ. ತತ್ತ್ವಾರ್ಥಸೂತ್ರವು ಸ್ತ್ರೀವೇದ, ಪುರುಷವೇದ, ನಪುಂಸಕವೇದಗಳೆಂಬ ಮೂರು ಕಾಮಭಾವಗಳನ್ನೂ ಮೋಹನೀಯ ಕರ್ಮದಲ್ಲಿಯೇ ಎಣಿಸಿದೆ. ದೇಹದ ಲಿಂಗವೂ ಮನದ ವೇದವೂ ಬಹುಮಟ್ಟಿಗೆ ಸಮವಾಗಿದ್ದರೂ ಕೆಲವರಲ್ಲಿ ವಿಷಮವಾಗಿರುತ್ತವೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳಿ ಸಾವಿರ ವರ್ಷಗಳಾದವು.

ಮೂರೂ ಜಯಿಸತಕ್ಕ ಮೋಹಗಳೇ, ನಿಜ. ಹಾಗಿದ್ದರೆ ಒಂದಕ್ಕೆ ಮಂಗಳವಾದ್ಯ, ಇನ್ನೊಂದಕ್ಕೆ ಬಹಿಷ್ಕಾರವೆಂಬುದು ಯಾವ ನ್ಯಾಯ? ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಂತಹ ಮಗನನ್ನು ಕೂಡಿಹಾಕುವುದು ಬಂಧ, ಹೊಡೆಯುವುದು ವಧ, ಊಟ ನಿಲ್ಲಿಸುವುದು ಅನ್ನಪಾನನಿರೋಧ. ಒಲ್ಲದ ಮದುವೆಯಾದರೋ ಅವನ ಮೇಲೂ ಏನೂ ಅರಿಯದ ಕನ್ಯೆಯ ಮೇಲೂ ಹೊರಿಸುವ ಅತಿಭಾರ.

ವಯಸ್ಕರು ಪರಸ್ಪರ ಒಪ್ಪಿದ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ತೃತೀಯಲಿಂಗಿಗಳಿಗೆ ಶಾಲೆ, ನೌಕರಿ, ಬಾಡಿಗೆ ಮನೆಗಳಲ್ಲಿ ತಾರತಮ್ಯ ಮಾಡುವುದನ್ನು 2019ರ ಕಾಯ್ದೆ ನಿಷೇಧಿಸಿತು. ಆದರೆ ಸಲಿಂಗಾನುರಾಗಿಯಾದ ಗುಮಾಸ್ತನನ್ನು ಅದೊಂದೇ ಕಾರಣಕ್ಕೆ ಅಂಗಡಿಯಿಂದ ಹೊರಹಾಕಿದರೆ, ಅವನನ್ನು ಕಾಯಲು ಅಂತಹ ಪ್ರತ್ಯೇಕ ಕಾಯ್ದೆಯಿಲ್ಲ. ಅದು ಆಗಲೇಬೇಕು. ಅದನ್ನು ಧರ್ಮದ ಹೆಸರಿನಲ್ಲಿ ವಿರೋಧಿಸುವುದು ಧರ್ಮಕ್ಕೇ ಅಪಚಾರ.

ಕಾಯ್ದೆ ಬೇಕಾಗಿರುವುದು ವ್ರತವಿಲ್ಲದವರನ್ನು ತಡೆಯಲು. ಅಣುವ್ರತವನ್ನು ಕೈಕೊಂಡ ಶ್ರಾವಕನು ಗುಮಾಸ್ತನ ಕೆಲಸವನ್ನು ಉಳಿಸಲು, ಮಗನಿಗೆ ಮನೆಯ ಬಾಗಿಲನ್ನು ತೆರೆದಿಡಲು ಅದಕ್ಕಾಗಿ ಕಾಯಬೇಕಾಗಿಲ್ಲ.